ಜೈವಿಕ ಕೀಟ ನಿಯಂತ್ರಣದಲ್ಲಿ ಗುಲಗಂಜಿ ಹುಳುಗಳ ಶೀತಲ ಸಂಗ್ರಹಣೆ: ಸಾಧ್ಯತೆಗಳು ಮತ್ತು ಮಿತಿಗಳು

ಬೆಳೆಯನ್ನು ಬಾಧಿಸುವ ಕೀಟಗಳನ್ನು ಅವುಗಳ ನೈಸರ್ಗಿಕ ಶತ್ರುಗಳ ಮೂಲಕವೇ ಹತೋಟಿಗೆ ತರುವ ಕ್ರಮಕ್ಕೆ ಜೈವಿಕ ನಿಯಂತ್ರಣವೆಂದು ಹೆಸರು. ಈ ಕ್ರಮದ ಚರಿತ್ರೆಯನ್ನು ಒಂದು ಪುಟ್ಟ ದುಂಬಿಯಿಂದ ಆರಂಭಿಸುವುದು ವಿದ್ವಾಂಸರಲ್ಲಿ ರೂಢಿಯಾಗಿದೆ. 1888ರಲ್ಲಿ ಆಲ್ಬರ್ಟ್ ಕೋಬೆಲ್ ಎಂಬ ಕೀಟಶಾಸ್ತ್ರಜ್ಞನು ಆಸ್ಟ್ರೇಲಿಯಕ್ಕೆ ತೆರಳಿ ಅಲ್ಲಿಂದ ಕ್ಯಾಲಿಫೋರ್ನಿಯಕ್ಕೆ ಕಳುಹಿಸಿದ ವೇಡೇಲಿಯ (ರೊಡೋಲಿಯ ಕಾರ್ಡಿನ್ಯಾಲಿಸ್) ಜಾತಿಯ ಗುಲಗಂಜಿ ಹುಳುಗಳು ಕೆಲವು ನೂರು ಮಾತ್ರ. ಎರಡು ವರ್ಷ ತುಂಬುವುದರೊಳಗೆ ಅವುಗಳ ಸಂತತಿಯು ಅಲ್ಲಿನ ಕಿತ್ತಳೆ ತೋಟಗಳನ್ನು ಬಿಳಿಯ ಶಲ್ಕ ಕೀಟದ ಹಾವಳಿಯಿಂದ ಪಾರುಮಾಡಿತು. ಈ ಯಶಸ್ಸು ಎಷ್ಟು ಪ್ರಸಿದ್ಧವಾಯಿತೆಂದರೆ, ಗುಲಗಂಜಿ ಹುಳುವನ್ನು ತಂದು ಬಿಟ್ಟರೆ ಸಾಕು, ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಬಹುಕಾಲ ಉಳಿಯಿತು. ಪ್ರಸ್ತುತ ಲೇಖನವು ಆ ನಂಬಿಕೆಗೆ ಪೆಟ್ಟು ಕೊಟ್ಟ ಮತ್ತೊಂದು ಪ್ರಸಂಗವನ್ನು ಕುರಿತದ್ದು. ಅದರ ಕೇಂದ್ರದಲ್ಲಿರುವುದು ಶೈತ್ಯಾಗಾರ.

ಕೀಟನಾಶಕ ರಾಸಾಯನಿಕಕ್ಕೂ ಜೈವಿಕ ನಿಯಂತ್ರಕಕ್ಕೂ ವ್ಯಾವಹಾರಿಕವಾಗಿ ಇರುವ ದೊಡ್ಡ ವ್ಯತ್ಯಾಸವೆಂದರೆ ದಾಸ್ತಾನಿನದು. ರಾಸಾಯನಿಕದ ಡಬ್ಬಿಯನ್ನು ಗೋದಾಮಿನಲ್ಲಿ ಒಂದೆರಡು ವರ್ಷ ಇಟ್ಟು, ರೈತನು ಬಂದು ಕೇಳಿದ ದಿನ ತೆಗೆದುಕೊಡಬಹುದು. ಜೀವಂತ ಕೀಟಕ್ಕೆ ಆ ಸೌಲಭ್ಯವಿಲ್ಲ. ಅದು ತಿನ್ನಬೇಕು, ಕೂಡಬೇಕು, ಮೊಟ್ಟೆಯಿಡಬೇಕು, ಕೆಲವು ವಾರಗಳಲ್ಲಿ ಮುಪ್ಪಾಗಿ ಸಾಯಬೇಕು. ಪೀಡೆಯಾದರೋ ಋತುವನ್ನು ಅನುಸರಿಸಿ ಬರುತ್ತದೆ. ಹಲವು ತಿಂಗಳು ಬೇಡಿಕೆಯೇ ಇರುವುದಿಲ್ಲ. ಬಂದಾಗ ಎಲ್ಲರಿಗೂ ಒಮ್ಮೆಲೇ ಬೇಕಾಗುತ್ತದೆ. ಆದುದರಿಂದ ಸಾಕಣೆಯ ಕಾಲವನ್ನೂ ಬೇಡಿಕೆಯ ಕಾಲವನ್ನೂ ಹೊಂದಿಸುವ ಉಪಾಯವಾಗಿ ಚಳಿಯನ್ನು ಬಳಸುವ ಆಲೋಚನೆ ಸಹಜವಾಗಿಯೇ ಹುಟ್ಟಿತು. ನಮ್ಮ ಪ್ರಯೋಗಾಲಯಗಳಲ್ಲಿ ತಯಾರಾಗುವ ಟ್ರೈಕೋಗ್ರಾಮ ಕಾರ್ಡುಗಳನ್ನು ಕೆಲವು ದಿನಗಳ ಮಟ್ಟಿಗೆ ಫ್ರಿಜ್ಜಿನಲ್ಲಿಟ್ಟು ಕಾಯ್ದುಕೊಳ್ಳುವುದು ಇದೇ ತತ್ತ್ವದ ಮೇಲೆ. ಗುಲಗಂಜಿ ಹುಳುಗಳ ವಿಷಯದಲ್ಲಿ ಈ ಆಲೋಚನೆಯು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದದ್ದು ಕ್ಯಾಲಿಫೋರ್ನಿಯದಲ್ಲಿಯೇ.

ಕ್ಯಾಲಿಫೋರ್ನಿಯದ ಅನುಭವ

ಆ ರಾಜ್ಯದ ಮಧ್ಯಭಾಗದಲ್ಲಿ ಉದ್ದಕ್ಕೆ ಹಬ್ಬಿರುವ ವಿಶಾಲ ಕಣಿವೆಯ ಪೂರ್ವಕ್ಕೆ ಸಿಯೆರ್ರಾ ನೆವಾಡ ಪರ್ವತಶ್ರೇಣಿ ಇದೆ. ಕಣಿವೆಯ ಹೊಲಗಳಲ್ಲಿ ವಸಂತಕಾಲದಲ್ಲಿ ಸಸ್ಯಹೇನುಗಳನ್ನು ತಿಂದು ಬೆಳೆಯುವ ಹಿಪ್ಪೊಡೇಮಿಯ ಕನ್ವರ್ಜೆನ್ಸ್ ಎಂಬ ಗುಲಗಂಜಿ ಹುಳುವು ಚಳಿಗಾಲದಲ್ಲಿ ಈ ಪರ್ವತಗಳ ಕಮರಿಗಳಲ್ಲಿ, ತೊರೆಗಳ ಅಂಚಿನ ತರಗೆಲೆಗಳ ಕೆಳಗೆ ಮತ್ತು ಬಂಡೆಗಳ ಸಂದುಗಳಲ್ಲಿ ರಾಶಿರಾಶಿಯಾಗಿ ಕೂಡಿಕೊಂಡು ಕಾಲ ಕಳೆಯುತ್ತದೆ. ಸಾವಿರಗಟ್ಟಲೆ, ಕೆಲವೆಡೆ ಲಕ್ಷಗಟ್ಟಲೆ ಹುಳುಗಳು ಒಂದರ ಮೇಲೊಂದು ಒತ್ತಿಕೊಂಡಿರುವ ಈ ರಾಶಿಗಳನ್ನು ಸಲಿಕೆಯಿಂದಲೇ ತುಂಬಿಕೊಳ್ಳಬಹುದಾಗಿತ್ತು. ಸಾಕಣೆಯ ಖರ್ಚಿಲ್ಲದೆ ಇಷ್ಟೊಂದು ಪರಭಕ್ಷಕಗಳು ದೊರೆಯುವಾಗ ಅವನ್ನು ಬಳಸಿಕೊಳ್ಳದೆ ಬಿಡುವರೇ?

1910ರ ಆಸುಪಾಸಿನಲ್ಲಿ ಸ್ಯಾಕ್ರಮೆಂಟೊ ನಗರದಲ್ಲಿದ್ದ ರಾಜ್ಯದ ಕೀಟ ಸಾಕಣಾ ಕೇಂದ್ರವು ಇ. ಕೆ. ಕಾರ್ನ್ಸ್ ಅವರ ಮೇಲ್ವಿಚಾರಣೆಯಲ್ಲಿ ಈ ಕಾರ್ಯವನ್ನು ಕೈಗೊಂಡಿತು. ಚಳಿಗಾಲದಲ್ಲಿ ಪರ್ವತಗಳಿಂದ ಸಂಗ್ರಹಿಸಿದ ಹುಳುಗಳನ್ನು ಶೈತ್ಯಾಗಾರದಲ್ಲಿ ಕಾಪಾಡಿ, ವಸಂತದಲ್ಲಿ ದಕ್ಷಿಣದ ಮರುಭೂಮಿಯ ಅಂಚಿನಲ್ಲಿರುವ ಇಂಪೀರಿಯಲ್ ಕಣಿವೆಯ ಕರಬೂಜ ಬೆಳೆಗಾರರಿಗೆ ಹಂಚಲಾಯಿತು. ಕರಬೂಜದ ಬಳ್ಳಿಗೆ ತಗಲುವ ಸಸ್ಯಹೇನನ್ನು ಅವು ತಿನ್ನಬೇಕೆಂಬುದು ಉದ್ದೇಶ. 1912ರಲ್ಲಿ ಕಾರ್ನ್ಸ್ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಗುಲಗಂಜಿ ಹುಳುಗಳನ್ನು ಟನ್ ಲೆಕ್ಕದಲ್ಲಿ ಸಂಗ್ರಹಿಸುವುದನ್ನು ಕುರಿತದ್ದು. ನಮ್ಮ ಅಕ್ಕಸಾಲಿಗರು ಗುಲಗಂಜಿಯನ್ನು ಬಟ್ಟಾಗಿಸಿಕೊಂಡು ಚಿನ್ನ ತೂಗುತ್ತಿದ್ದರು. ಅಲ್ಲಿ ಗುಲಗಂಜಿ ಹುಳುವನ್ನೇ ತೂಗಬೇಕಾಯಿತು. ಇಂದಿಗೂ ಆ ದೇಶದ ವ್ಯಾಪಾರದಲ್ಲಿ ಈ ಹುಳುವಿನ ಅಳತೆ ಗ್ಯಾಲನ್. ಒಂದು ಗ್ಯಾಲನ್ನಿಗೆ, ಅಂದರೆ ಸುಮಾರು 3.8 ಲೀಟರಿಗೆ, 70,000ಕ್ಕೂ ಹೆಚ್ಚು ಹುಳುಗಳು ಹಿಡಿಯುತ್ತವೆ.

ಸಂಗ್ರಹಣೆಯ ದೃಷ್ಟಿಯಿಂದ ಯೋಜನೆಯು ಸಫಲವೇ ಆಗಿತ್ತು. ಆದರೆ ಹೊಲದಲ್ಲಿ ಆದದ್ದೇ ಬೇರೆ. ಡಬ್ಲ್ಯು. ಎಂ. ಡೇವಿಡ್ಸನ್ ಅವರು 1919 ಮತ್ತು 1924ರಲ್ಲಿ ಈ ಹುಳುವಿನ ಬಗೆಗೆ ಲೇಖನಗಳನ್ನು ಪ್ರಕಟಿಸಿದರು. ಎರಡನೆಯದು ಅದರ ಚದುರುವಿಕೆಯನ್ನೇ ವಿಷಯವಾಗಿ ಉಳ್ಳದ್ದು. ಬಿಡುಗಡೆಯಾದ ಹುಳುಗಳು ಬಿಟ್ಟ ಹೊಲದಲ್ಲಿ ನಿಲ್ಲದೆ ಹಾರಿಹೋಗುತ್ತಿದ್ದವು. ಬೆಳೆಗಾರನು ಪಡೆದ ಹುಳುಗಳಿಂದ ಅವನ ಹೊಲಕ್ಕೆ ಆಗುವ ಪ್ರಯೋಜನ ಅತ್ಯಲ್ಪವೆಂಬುದು ಸ್ಪಷ್ಟವಾದ ಮೇಲೆ ಸರ್ಕಾರಿ ಹಂಚಿಕೆ ನಿಂತಿತು. ಖಾಸಗಿ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಹಿತ್ತಲ ತೋಟಗಳಿಗಾಗಿ ಈ ಹುಳುಗಳ ಮಾರಾಟ ಅಲ್ಲಿ ಈಗಲೂ ನಡೆಯುತ್ತಿದೆ.

ಹುಳುಗಳು ಹಾರಿಹೋಗುವುದೇಕೆ ಎಂಬ ಪ್ರಶ್ನೆಗೆ ಸಮರ್ಪಕ ಉತ್ತರ ಬಂದದ್ದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಕೆನೆತ್ ಹೇಗನ್ ಅವರ ಅಧ್ಯಯನಗಳಿಂದ. 1962ರಲ್ಲಿ ಅವರು ಬರೆದ ಸಮೀಕ್ಷೆಯು ಪರಭಕ್ಷಕ ಗುಲಗಂಜಿ ಹುಳುಗಳ ಬಗೆಗೆ ಇಂದಿಗೂ ಆಧಾರಗ್ರಂಥದಂತಿದೆ. ಬೇಸಿಗೆಯ ಆರಂಭದಲ್ಲಿ ಕಣಿವೆಯ ಸಸ್ಯಹೇನುಗಳು ಮುಗಿಯುತ್ತ ಬಂದಂತೆ ಹೊಸ ತಲೆಮಾರಿನ ದುಂಬಿಗಳು ಮೇಲಕ್ಕೆ ನೇರವಾಗಿ ಹಾರುತ್ತವೆ. ಮೇಲಿನ ತಂಪು ಗಾಳಿಯ ಪದರವನ್ನು ಮುಟ್ಟಿದಾಗ ಏರುವುದನ್ನು ನಿಲ್ಲಿಸಿ, ಪಶ್ಚಿಮದಿಂದ ಬೀಸುವ ಗಾಳಿಯ ಜೊತೆಗೆ ಪರ್ವತಗಳನ್ನು ಸೇರುತ್ತವೆ. ಅಲ್ಲಿ ಪರಾಗ, ಮಕರಂದಗಳನ್ನು ತಿಂದು ಮೈಯಲ್ಲಿ ಕೊಬ್ಬನ್ನು ತುಂಬಿಕೊಳ್ಳುತ್ತವೆ. ಬಳಿಕ ಗುಂಪುಗೂಡಿ ಸುಪ್ತಾವಸ್ಥೆಗೆ ಇಳಿಯುತ್ತವೆ. ಹೆಣ್ಣುಗಳ ಅಂಡಾಶಯ ಈ ಅವಧಿಯಲ್ಲಿ ಬೆಳೆಯುವುದೇ ಇಲ್ಲ. ಫೆಬ್ರವರಿ–ಮಾರ್ಚ್ ತಿಂಗಳ ಬೆಚ್ಚನೆಯ ದಿನಗಳಲ್ಲಿ ಅವು ಮತ್ತೆ ಹಾರಿ ಕಣಿವೆಗೆ ಮರಳುತ್ತವೆ. ಹೀಗೆ ವರ್ಷದಲ್ಲಿ ಸುಮಾರು ಒಂಬತ್ತು ತಿಂಗಳು ಈ ಹುಳು ಸಸ್ಯಹೇನಿನ ಸಹವಾಸವಿಲ್ಲದೆ ಬದುಕುತ್ತದೆ.

ಇಲ್ಲಿರುವ ತೊಡಕನ್ನು ಗಮನಿಸಬೇಕು. ರಾಶಿಯಿಂದ ಎತ್ತಿ ತಂದ ದುಂಬಿಯು ಶೈತ್ಯಾಗಾರದಲ್ಲಿ ತಿಂಗಳುಗಟ್ಟಲೆ ಬದುಕಿ ಉಳಿಯುವುದು ಅದು ಸುಪ್ತಾವಸ್ಥೆಯಲ್ಲಿರುವುದರಿಂದ. ಆದರೆ ಆ ಸುಪ್ತಾವಸ್ಥೆಯ ಕೊನೆಯಲ್ಲಿ ಅದು ಮೊದಲು ಮಾಡಬೇಕಾದ ಕೆಲಸ ಹಾರಾಟ. ಆಹಾರ ಹುಡುಕುವುದು ಅನಂತರದ್ದು. ಅಂದರೆ ಯಾವ ಗುಣದಿಂದ ಅದು ಸಂಗ್ರಹಣೆಗೆ ಯೋಗ್ಯವಾಯಿತೋ ಅದೇ ಗುಣದಿಂದ ಹೊಲಕ್ಕೆ ಅಯೋಗ್ಯವಾಯಿತು. ಶೈತ್ಯಾಗಾರವು ಈ ದೋಷವನ್ನು ಹುಟ್ಟುಹಾಕಲಿಲ್ಲ, ಪರ್ವತದ ಚಳಿಯನ್ನು ಪೆಟ್ಟಿಗೆಯೊಳಗೆ ಮುಂದುವರಿಸಿತು ಅಷ್ಟೆ. ಕಾರ್ನ್ಸ್ ಕಾಲದವರು ಎಷ್ಟು ಹುಳುಗಳು ಬದುಕಿ ಉಳಿದವು ಎಂಬುದನ್ನು ಸಾಫಲ್ಯದ ಅಳತೆಯಾಗಿ ಹಿಡಿದದ್ದರಲ್ಲಿ ಅಚ್ಚರಿಯಿಲ್ಲ. ಎಣಿಸಲು ಸುಲಭವಾದದ್ದು ಅದೊಂದೇ.

ಈ ದೋಷವನ್ನು ಸರಿಪಡಿಸಲು ಹಲವು ಪ್ರಯತ್ನಗಳು ನಡೆದಿವೆ. ಬಿಡುಗಡೆಗೆ ಮುಂಚೆ ಕೃತಕ ಆಹಾರ ನೀಡಿ ಸುಪ್ತಾವಸ್ಥೆಯನ್ನು ಮುರಿಯುವುದು, ನೀರು ಚಿಮುಕಿಸಿ ಸಂಜೆಯ ಹೊತ್ತು ಬಿಡುವುದು ಮುಂತಾದವು ಅವುಗಳಲ್ಲಿ ಸೇರಿವೆ. 1996ರಲ್ಲಿ ಡ್ರೈಸ್ಟಾಟ್ ಮತ್ತು ಫ್ಲಿಂಟ್ ಅವರು ಕುಂಡಗಳಲ್ಲಿ ಬೆಳೆಸಿದ ಸೇವಂತಿಗೆ ಗಿಡಗಳ ಮೇಲೆ ಬಹುಸಂಖ್ಯೆಯಲ್ಲಿ ದುಂಬಿಗಳನ್ನು ಬಿಟ್ಟು ಸಸ್ಯಹೇನು ಗಣನೀಯವಾಗಿ ತಗ್ಗುವುದನ್ನು ತೋರಿಸಿಕೊಟ್ಟರು. ಆದರೆ ಅಲ್ಲಿಯೂ ಬಹುಪಾಲು ದುಂಬಿಗಳು ಕೆಲವೇ ದಿನಗಳಲ್ಲಿ ಚದುರಿದವು. ಗುಲಾಬಿ ಗಿಡವೊಂದಕ್ಕೆ ಸಾಧ್ಯವಾಗುವ ಈ ಧಾರಾಳತನ ಎಕರೆಗಟ್ಟಲೆ ಹೊಲಕ್ಕೆ ಕೈಗೆಟುಕುವುದಿಲ್ಲ. ಹಾರಲಾರದ ತಳಿಗಳನ್ನೇ ಆಯ್ದು ಬೆಳೆಸುವ ದಾರಿಯನ್ನು ಫ್ರಾನ್ಸ್ ಮತ್ತು ಜಪಾನಿನ ಸಂಶೋಧಕರು ಹಾರ್ಮೋನಿಯ ಆಕ್ಸಿರಿಡಿಸ್ ಎಂಬ ಬೇರೊಂದು ಜಾತಿಯಲ್ಲಿ ಹಿಡಿದರು. ಅದು ಬೇರೆಯೇ ಚರ್ಚೆಯ ವಿಷಯ.

ಮತ್ತೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕಾಡಿನಿಂದ ಒಟ್ಟುಮಾಡಿದ ದುಂಬಿಗಳ ಜೊತೆಗೆ ಅವುಗಳ ರೋಗಗಳೂ ಪ್ರಯಾಣ ಮಾಡುತ್ತವೆ. ದುಂಬಿಯ ಮೈಯೊಳಗೆ ಬೆಳೆಯುವ ಡೈನೊಕ್ಯಾಂಪಸ್ ಎಂಬ ಪರಾವಲಂಬಿ ಕಣಜ ಮತ್ತು ಮೈಕ್ರೊಸ್ಪೊರಿಡಿಯ ಗುಂಪಿನ ರೋಗಾಣುಗಳು ಮಾರಾಟಕ್ಕೆ ಬಂದ ಹಿಪ್ಪೊಡೇಮಿಯ ದುಂಬಿಗಳಲ್ಲಿ ಪತ್ತೆಯಾಗಿವೆ. ರೋಗಗ್ರಸ್ತ ದುಂಬಿಯನ್ನು ತಣ್ಣಗಿಟ್ಟರೆ ರೋಗವು ವಾಸಿಯಾಗುವುದಿಲ್ಲ.

ಚಳಿಯಲ್ಲಿ ದುಂಬಿಯ ದೇಹ

ಶೀತಲ ಸಂಗ್ರಹಣೆಯ ಶರೀರಕ್ರಿಯಾ ತತ್ತ್ವ ಸರಳವಾದುದು. ಕೀಟವು ಶೀತರಕ್ತ ಪ್ರಾಣಿ. ಸುತ್ತಲಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಅದರ ಜೀವಕ್ರಿಯೆಗಳ ವೇಗ ಸ್ಥೂಲವಾಗಿ ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ಇಳಿಯುತ್ತದೆ. 25 ಡಿಗ್ರಿಯಲ್ಲಿದ್ದ ದುಂಬಿಯನ್ನು 5 ಡಿಗ್ರಿಗೆ ತಂದರೆ ಅದು ಉಸಿರಾಟಕ್ಕೆ ಸುಡುವ ಕೊಬ್ಬು ನಾಲ್ಕನೆಯ ಒಂದರಿಂದ ಒಂಬತ್ತನೆಯ ಒಂದು ಭಾಗದಷ್ಟಾಗುತ್ತದೆ. ಹೀಗೆ ಕೂಡಿಟ್ಟ ಕೊಬ್ಬು ಹೆಚ್ಚು ದಿನ ಬಾಳುತ್ತದೆ. ಕೊಬ್ಬು ತುಂಬಿಕೊಳ್ಳುವ ಮೊದಲೇ ಹಿಡಿದು ಪೆಟ್ಟಿಗೆಗೆ ಹಾಕಿದ ದುಂಬಿಗೆ ಈ ಲಾಭ ದೊರೆಯಲಾರದು.

ಸಾವು ಬರುವ ದಾರಿಗಳು ಮೂರು. ಮೊದಲನೆಯದು ಹಸಿವು. ಎರಡನೆಯದು ನೀರಿನ ನಷ್ಟ: ಶೈತ್ಯಾಗಾರದ ಗಾಳಿ ಒಣಗಿರುತ್ತದೆ, ಆರ್ದ್ರತೆ ಕಡಿಮೆಯಾದರೆ ದುಂಬಿ ಒಣಗಿ ಸಾಯುತ್ತದೆ, ಅತಿಯಾದರೆ ಬೂಷ್ಟು ಹಿಡಿಯುತ್ತದೆ. ಮೂರನೆಯದು ಚಳಿಯ ನೇರ ಹಾನಿ. ಇದನ್ನು ಹೆಪ್ಪುಗಟ್ಟುವಿಕೆಯೊಡನೆ ಬೆರೆಸಬಾರದು. ಹೆಪ್ಪುಗಟ್ಟುವ ಬಿಂದುವಿಗಿಂತ ಎಷ್ಟೋ ಮೇಲಿನ ತಾಪದಲ್ಲಿಯೂ ಕೀಟದ ದೇಹದಲ್ಲಿ ಲವಣಗಳ ಸಮತೋಲ ತಪ್ಪುತ್ತದೆ. ಜೀವಕೋಶಗಳ ಒಳಹೊರಗಿನ ಸೋಡಿಯಂ–ಪೊಟ್ಯಾಸಿಯಂ ವ್ಯತ್ಯಾಸವನ್ನು ಕಾಯ್ದುಕೊಳ್ಳುವ ಪಂಪುಗಳು ನಿಧಾನವಾದಾಗ ದೇಹದ್ರವದಲ್ಲಿ ಪೊಟ್ಯಾಸಿಯಂ ಏರಿ ಸ್ನಾಯುಗಳು ನಿಶ್ಚಲವಾಗುತ್ತವೆ. ಇದು ಕೆಲವು ಗಂಟೆಗಳ ಮಟ್ಟಿಗಾದರೆ ದುಂಬಿ ಚೇತರಿಸಿಕೊಳ್ಳುತ್ತದೆ. ದಿನಗಟ್ಟಲೆ ಮುಂದುವರಿದರೆ ಹಾನಿ ಶಾಶ್ವತ. ದಿನದಲ್ಲಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟು ಮತ್ತೆ ತಣ್ಣಗಿಡುವ ಏರಿಳಿತದ ಕ್ರಮದಿಂದ ಹಲವು ಕೀಟಗಳ ಬಾಳಿಕೆ ಹೆಚ್ಚುವುದನ್ನು ಸಂಶೋಧಕರು ಕಂಡುಕೊಂಡಿದ್ದಾರೆ. ಆ ಬೆಚ್ಚನೆಯ ಹೊತ್ತಿನಲ್ಲಿ ಪಂಪುಗಳು ತಮ್ಮ ಬಾಕಿ ಕೆಲಸವನ್ನು ಪೂರೈಸುತ್ತವೆಂದು ತಿಳಿಯಬಹುದು.

ಸಮಶೀತೋಷ್ಣ ದೇಶದ ಗುಲಗಂಜಿ ಹುಳುಗಳು ಈ ಮೂರನೆಯ ಅಪಾಯವನ್ನು ಎದುರಿಸಲು ಶರತ್ಕಾಲದಲ್ಲಿಯೇ ಸಿದ್ಧವಾಗುತ್ತವೆ. ಹಗಲು ಕಿರಿದಾಗುವುದು ಅವುಗಳಿಗೆ ಸೂಚನೆ. ಫಿನ್ಲೆಂಡಿನಲ್ಲಿ ಹಮಲೈನೆನ್ ಅವರು 1977ರಲ್ಲಿ ಪ್ರಕಟಿಸಿದ ಅಧ್ಯಯನವು ಏಳು ಚುಕ್ಕೆ ಮತ್ತು ಎರಡು ಚುಕ್ಕೆಯ ಗುಲಗಂಜಿ ಹುಳುಗಳನ್ನು ಸುಪ್ತಾವಸ್ಥೆಯಲ್ಲಿಯೇ ಪ್ರಯೋಗಾಲಯದಲ್ಲಿ ಕಾಯ್ದಿಡುವುದನ್ನು ಕುರಿತದ್ದು. ಸುಪ್ತಾವಸ್ಥೆಯೆಂಬ ಈ ಪೂರ್ವಸಿದ್ಧತೆ ಇಲ್ಲದ ಜಾತಿಗೆ ಫ್ರಿಜ್ಜು ಕೇವಲ ಚಳಿಯ ಪೆಟ್ಟಿಗೆ.

ಕರ್ನಾಟಕದ ಸಂದರ್ಭ

ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಕಿ ಬಿಡಲಾಗುತ್ತಿರುವ ಗುಲಗಂಜಿ ಹುಳುವೆಂದರೆ ಕ್ರಿಪ್ಟೊಲೀಮಸ್ ಮಾಂಟ್ರೂಜಿಯೆರಿ. ಇದಕ್ಕೆ ಗುಲಗಂಜಿಯ ಕೆಂಪೂ ಇಲ್ಲ, ಚುಕ್ಕೆಯೂ ಇಲ್ಲ. ಕಪ್ಪು ರೆಕ್ಕೆ, ತಲೆ ಮತ್ತು ಹಿಂತುದಿ ಮಾತ್ರ ಕಿತ್ತಳೆ ಛಾಯೆ. ಇದೂ ಆಸ್ಟ್ರೇಲಿಯ ಮೂಲದ್ದೇ. ಕೋಬೆಲ್ ತನ್ನ ಎರಡನೆಯ ಪ್ರವಾಸದಲ್ಲಿ, 1891–92ರಲ್ಲಿ, ಇದನ್ನು ಕ್ಯಾಲಿಫೋರ್ನಿಯಕ್ಕೆ ತಂದನು. 1898ರಲ್ಲಿ ಎಚ್. ಓ. ನ್ಯೂಪೋರ್ಟ್ ಅವರು ಕಾಫಿಯ ಹಸಿರು ಶಲ್ಕ ಕೀಟದ ಹತೋಟಿಗೆಂದು ಇದನ್ನು ದಕ್ಷಿಣ ಭಾರತಕ್ಕೆ ತರಿಸಿದರು. ಆ ಕೆಲಸಕ್ಕೆ ಇದು ಒದಗಲಿಲ್ಲ. ಆದರೆ ಹಿಟ್ಟು ತಿಗಣೆಗಳನ್ನು ತಿನ್ನುತ್ತ ಇಲ್ಲಿಯೇ ನೆಲೆನಿಂತಿತು. 1970ರ ದಶಕದಲ್ಲಿ ಕಾಫಿ ಸಂಶೋಧಕರು ಹಿಟ್ಟು ತಿಗಣೆಯ ವಿರುದ್ಧ ಇದನ್ನು ಮತ್ತೆ ಬಳಕೆಗೆ ತಂದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ದ್ರಾಕ್ಷಿ ಮುಂತಾದ ಹಣ್ಣಿನ ಬೆಳೆಗಳಲ್ಲಿ ಇದರ ಬಳಕೆಯನ್ನು ವಿಸ್ತರಿಸಿತು. ಬೆಂಗಳೂರಿನಲ್ಲಿ 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವಾಗಿ ರೂಪುಗೊಂಡು, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೆನಿಸಿರುವ ಕೇಂದ್ರವು ಇಂತಹ ಪರಭಕ್ಷಕಗಳ ಸಾಕಣಾ ತಂತ್ರವನ್ನು ಬೆಳೆಸುವಲ್ಲಿ ಪ್ರಮುಖ ಪಾತ್ರ ವಹಿಸಿದೆ.

ಕ್ರಿಪ್ಟೊಲೀಮಸ್ ಬೆಚ್ಚನೆಯ ನಾಡಿನ ದುಂಬಿ. ಹಿಪ್ಪೊಡೇಮಿಯದಂತಹ ದೀರ್ಘ ಸುಪ್ತಾವಸ್ಥೆ ಇದಕ್ಕಿಲ್ಲ. 25ರಿಂದ 28 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವ ಇದರ ಚಟುವಟಿಕೆ 16 ಡಿಗ್ರಿಗಿಂತ ಕೆಳಗೆ ಕುಗ್ಗುತ್ತದೆ. ಬೆಳವಣಿಗೆ 10 ಡಿಗ್ರಿಯ ಹತ್ತಿರ ನಿಂತೇಹೋಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಚಳಿಗಾಲ ಕಳೆಯುವಷ್ಟರಲ್ಲಿ ಇದರ ಸಂಖ್ಯೆ ತೀರ ಕ್ಷೀಣಿಸುತ್ತಿದ್ದುದರಿಂದಲೇ ಅಲ್ಲಿ 1910ರ ದಶಕದ ಕೊನೆಗೆ ಆಲೂಗಡ್ಡೆಯ ಮೊಳಕೆಗಳ ಮೇಲೆ ಹಿಟ್ಟು ತಿಗಣೆಯನ್ನು ಬೆಳೆಸಿ, ಅದರ ಮೇಲೆ ಈ ದುಂಬಿಯನ್ನು ಸಾಕಿ ಪ್ರತಿವರ್ಷ ಬಿಡುವ ಪದ್ಧತಿ ಆರಂಭವಾಯಿತು. ಒಂದೇ ರಾಜ್ಯದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದು ಗುಲಗಂಜಿ ಹುಳುವನ್ನು ಶೈತ್ಯಾಗಾರದಲ್ಲಿ ಕಾಯ್ದರು, ಮತ್ತೊಂದನ್ನು ಬೆಚ್ಚನೆಯ ಕೋಣೆಯಲ್ಲಿ ಬೆಳೆಸಿದರು. ಎರಡರಲ್ಲಿ ಇಂದಿಗೂ ತೋಟಗಾರಿಕೆಗೆ ನಿಜವಾಗಿ ಉಪಯುಕ್ತವಾಗಿ ಉಳಿದಿರುವುದು ಎರಡನೆಯದು.

ಈ ಭೇದವನ್ನು ಮರೆತರೆ ಆಗುವ ನಷ್ಟ ರೈತನದು. ಗುಲಗಂಜಿ ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಬೇಕಾದಾಗ ಬಿಡಬಹುದೆಂಬ ಸಲಹೆ ಅಮೆರಿಕದ ಹಿತ್ತಲ ತೋಟಗಾರರಿಗಾಗಿ, ಹಿಪ್ಪೊಡೇಮಿಯವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ಎಲ್ಲ ಗುಲಗಂಜಿ ಹುಳುಗಳಿಗೂ ಅನ್ವಯಿಸುವುದು ಅಪಾಯಕರ. 4–5 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಕ್ರಿಪ್ಟೊಲೀಮಸ್ ಡಬ್ಬಿಯನ್ನು ತೆರೆದಾಗ ಹುಳುಗಳಲ್ಲಿ ಕೆಲವು ಕಾಲಾಡಿಸಬಹುದು. ಅವು ಬದುಕಿವೆಯೆಂದು ರೈತನು ಸಮಾಧಾನಪಡಬಹುದು. ಆದರೆ ಬಳ್ಳಿಯ ಮೇಲೆ ಅವು ಎಷ್ಟು ತಿನ್ನುತ್ತವೆ, ಹೆಣ್ಣು ಮೊಟ್ಟೆಯಿಡುತ್ತದೆಯೇ ಎಂಬುದು ಕಾಲಾಡಿಸುವುದರಿಂದ ತಿಳಿಯುವ ಸಂಗತಿಯಲ್ಲ. ಈ ದುಂಬಿಯನ್ನು ಅನಿವಾರ್ಯವಾದಾಗ 10ರಿಂದ 15 ಡಿಗ್ರಿಯ ತಂಪಿನಲ್ಲಿ, ಕತ್ತಲಲ್ಲಿ, ಒಂದೆರಡು ದಿನ ಮಾತ್ರ ಇಡಬೇಕೆಂಬುದು ಸರಬರಾಜುದಾರರು ಸಾಮಾನ್ಯವಾಗಿ ನೀಡುವ ಸೂಚನೆ. ಅದು ಸಾಗಾಣಿಕೆಯ ಅವಧಿಗೆ ಸಾಕಾಗುವಷ್ಟೇ ಹೊರತು ದಾಸ್ತಾನಿಗಲ್ಲ.

ಉಷ್ಣವಲಯದ ಕೀಟಗಳಿಗೆ ಸುಪ್ತಾವಸ್ಥೆಯೇ ಇಲ್ಲವೆಂದು ಇದರಿಂದ ತಿಳಿಯಬಾರದು. ಪಾರ್ಥೇನಿಯಂ ಕಳೆಯ ಹತೋಟಿಗಾಗಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮೆಕ್ಸಿಕನ್ ದುಂಬಿಯು (ಇದು ಗುಲಗಂಜಿ ಹುಳುವಿನ ಕುಟುಂಬಕ್ಕೆ ಸೇರಿದ್ದಲ್ಲ) ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಸುಪ್ತವಾಗಿರುತ್ತದೆ. ಆದರೆ ನಮ್ಮ ಹೊಲಗಳಲ್ಲಿ ಅಲಸಂದೆ, ಅವರೆ, ಶೇಂಗಾ ಬೆಳೆಗಳ ಸಸ್ಯಹೇನನ್ನು ತಿನ್ನುವ ಚೈಲೊಮೆನೆಸ್ ಸೆಕ್ಸ್‌ಮ್ಯಾಕ್ಯುಲೇಟದಂತಹ ಗುಲಗಂಜಿ ಹುಳುಗಳು ಆಹಾರವಿದ್ದಷ್ಟು ಕಾಲ ಒಂದರ ಹಿಂದೊಂದು ತಲೆಮಾರನ್ನು ಬೆಳೆಸುತ್ತ ಹೋಗುತ್ತವೆ. ಸಲಿಕೆಯಿಂದ ತುಂಬಿಕೊಳ್ಳುವಂತಹ ರಾಶಿಗಳು ನಮ್ಮ ಬಯಲುಸೀಮೆಯಲ್ಲಿ ದೊರೆಯುವುದಿಲ್ಲ.

ಸಂಶೋಧನೆಯ ದಾರಿಯ ಬಗೆಗೆ ಒಂದು ಮಾತು. ಶೀತಲ ಸಂಗ್ರಹಣೆಯ ಪ್ರಯೋಗ ವರದಿಗಳಲ್ಲಿ ಇಂತಿಷ್ಟು ತಾಪ, ಇಂತಿಷ್ಟು ದಿನ, ಶೇಕಡ ಇಂತಿಷ್ಟು ಉಳಿವು ಎಂಬ ಕೋಷ್ಟಕಗಳೇ ಪ್ರಧಾನವಾಗಿರುವುದುಂಟು. ಈ ಲೇಖಕನ ಅಭಿಪ್ರಾಯದಲ್ಲಿ ಅಂತಹ ಕೋಷ್ಟಕಗಳಿಗೆ ಇನ್ನೂ ಮೂರು ಅಂಕಣಗಳು ಸೇರದ ಹೊರತು ಅವು ಅಪೂರ್ಣ: ಹೊರತೆಗೆದ ಮೇಲೆ ದಿನಕ್ಕೆ ತಿಂದ ಹಿಟ್ಟು ತಿಗಣೆಗಳ ಸಂಖ್ಯೆ, ಇಟ್ಟ ಮೊಟ್ಟೆ ಮತ್ತು ಒಡೆದ ಮರಿಗಳ ಸಂಖ್ಯೆ, ಬಿಟ್ಟ ಗಿಡದಲ್ಲಿ ಮೂರನೆಯ ದಿನ ಉಳಿದಿದ್ದ ದುಂಬಿಗಳ ಸಂಖ್ಯೆ. ಕೊನೆಯದನ್ನು ಎಣಿಸುವುದು ಪ್ರಯಾಸಕರ, ಹೊಲದಲ್ಲಿಯೇ ನಡೆಯಬೇಕಾದದ್ದು; ಅದನ್ನು ಬಿಟ್ಟು ಬರೆಯುವ ಮೋಹ ಹೆಚ್ಚಲು ಅದೇ ಕಾರಣವಿರಬಹುದು. ಕ್ಯಾಲಿಫೋರ್ನಿಯದಲ್ಲಿ ಟನ್ನುಗಟ್ಟಲೆ ದುಂಬಿಗಳು ವ್ಯರ್ಥವಾದದ್ದು ಈ ಒಂದು ಅಂಕಣದ ಕೊರತೆಯಿಂದ.

ಹಾಗಾದರೆ ಕ್ರಿಪ್ಟೊಲೀಮಸ್ ವಿಷಯದಲ್ಲಿ ಬೇಡಿಕೆಯನ್ನೂ ಉತ್ಪಾದನೆಯನ್ನೂ ಹೊಂದಿಸುವ ದಾರಿ ಯಾವುದು? ಅದು ನಮ್ಮ ಸಾಕಣಾ ಪದ್ಧತಿಯಲ್ಲಿಯೇ ಇದೆ. ಬಲಿತ ಕುಂಬಳಕಾಯಿಯ ಮೇಲೆ ಹಿಟ್ಟು ತಿಗಣೆಯನ್ನು ಬೆಳೆಸಿ, ಅದು ಹಬ್ಬಿದ ಮೇಲೆ ದುಂಬಿಗಳನ್ನು ಬಿಡುವುದು ಇಲ್ಲಿನ ರೂಢಿ. ತಿಗಣೆ ಕಾಯನ್ನು ತುಂಬಲು ಎರಡು ಮೂರು ವಾರ, ದುಂಬಿಯ ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಬಲಿತ ಕುಂಬಳಕಾಯಿ ಗಾಯವಾಗದಿದ್ದರೆ ನೆರಳಿನಲ್ಲಿ, ಯಾವ ಯಂತ್ರದ ಸಹಾಯವೂ ಇಲ್ಲದೆ, ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ನಮ್ಮ ಹಳ್ಳಿಯ ಮನೆಗಳ ಅಟ್ಟ ಬಲ್ಲ ಸಂಗತಿಯಿದು. ಆದ್ದರಿಂದ ಕೂಡಿಡಬೇಕಾದದ್ದು ಕುಂಬಳಕಾಯಿಯನ್ನೇ ಹೊರತು ದುಂಬಿಯನ್ನಲ್ಲ. ದ್ರಾಕ್ಷಿಯಲ್ಲಿ ಹಿಟ್ಟು ತಿಗಣೆ ಗೊನೆ ಮಾಗುವ ಕಾಲಕ್ಕೆ, ಕಾಫಿಯಲ್ಲಿ ಬೇಸಿಗೆಯ ಒಣ ತಿಂಗಳುಗಳಲ್ಲಿ ಏರುತ್ತದೆ. ಬಳ್ಳಿಗೆ ಹತ್ತು ದುಂಬಿಗಳಂತೆ ಬಿಡಬೇಕೆಂಬ ಶಿಫಾರಸನ್ನು ಹಿಡಿದು, ಅಗತ್ಯದ ದಿನದಿಂದ ಎಂಟು ವಾರ ಹಿಂದಕ್ಕೆ ಎಣಿಸಿ, ವಾರಕ್ಕೊಂದು ತಂಡದಂತೆ ಕಾಯಿಗಳಿಗೆ ತಿಗಣೆ ಹಾಯಿಸುತ್ತ ಹೋದರೆ ದುಂಬಿಗಳು ಬೇಕಾದ ಹೊತ್ತಿಗೆ, ತಿನ್ನುವ ಮತ್ತು ಮೊಟ್ಟೆಯಿಡುವ ವಯಸ್ಸಿನಲ್ಲಿಯೇ ದೊರೆಯುತ್ತವೆ. ಇದಕ್ಕೆ ಬೆಳೆಗಾರರಿಂದ ಮುಂಗಡ ಬೇಡಿಕೆ ಪಡೆಯಬೇಕಾಗುತ್ತದೆ. ದ್ರಾಕ್ಷಿ ಬೆಳೆಗಾರರಿಂದ ಬೇಡಿಕೆ ಬರೆಸಿಕೊಳ್ಳಲು ಅಕ್ಟೋಬರಿನ ಚಾಟನಿ ಮುಗಿದ ತಿಂಗಳು ಅನುಕೂಲವಾದ ಕಾಲ.